ಹೊಸಿಲಾಚೆಯ ಎಡೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಪೋಸ್ಟ್‌ಕಾರ್ಡು ಅಂಟಿಕೊಂಡು ಇಂದಿಗೆ ಹತ್ತು ದಿನವಾಯಿತು. ಮಾವಿನಹಣ್ಣಿನ ಆಕಾರದ ಅಯಸ್ಕಾಂತವೊಂದು ಅದನ್ನು ಹಿಡಿದುಕೊಂಡಿದೆ. ಹಾಲು ತೆಗೆಯಲು ಹೋದಾಗ, ಮೊಸರು ಇಡಲು ಹೋದಾಗ, ಏನೂ ಬೇಡವಾಗಿದ್ದರೂ ಸುಮ್ಮನೆ ಬಾಗಿಲು ತೆಗೆದು ಒಳಗಿನ ದೀಪ ಉರಿಯುತ್ತಿದೆಯೇ ಎಂದು ನೋಡಲು ಹೋದಾಗ, ಅದು ಕಣ್ಣಿಗೆ ಬೀಳುತ್ತದೆ. ಮಡಿಸಿದ ಜೋಡಿ ಕಾರ್ಡು. ಅರ್ಧ ಗುಡಿಯವರು ನಮಗೆ ಬರೆದದ್ದು, ಇನ್ನರ್ಧ ನಾವು ತುಂಬಿ ಅವರಿಗೆ ಹಿಂದಿರುಗಿಸಬೇಕಾದದ್ದು. ತುಂಬುವುದು ಹೆಚ್ಚೇನಿಲ್ಲ. ಒಂದೇ ಒಂದು ಹೆಸರು, ಸತ್ತವರದು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಸೆಪ್ಟೆಂಬರಿನ ಕೊನೆಗೆ, ಹಗಲೂ ರಾತ್ರಿಯೂ ಸಮವಾಗುವ ವಾರ, ಸತ್ತವರ ವಾರ. ಹಿಗಾನ್ ಎನ್ನುತ್ತಾರೆ. ಸಮಾಧಿ ತೊಳೆದು, ಹೂವಿಟ್ಟು, ಊದುಬತ್ತಿ ಹಚ್ಚಿ, ಅದರ ಹಿಂದೆ ಆಳೆತ್ತರದ ತೆಳ್ಳನೆಯ ಮರದ ಪಟ್ಟಿಯೊಂದನ್ನು ನಿಲ್ಲಿಸುತ್ತಾರೆ. ಪಟ್ಟಿಯ ಮೇಲೆ ಸತ್ತವರ ಹೆಸರನ್ನು ಗುಡಿಯ ಭಿಕ್ಷು ಕುಂಚದಲ್ಲಿ ಬರೆದುಕೊಡುತ್ತಾನೆ. ಯಾರ ಹೆಸರೆಂದು ಮೊದಲೇ ತಿಳಿಸಬೇಕಲ್ಲ, ಅದಕ್ಕೆ ಈ ಕಾರ್ಡು. ಯೋಕೋಹಾಮಾದ ಒಂದು ಗುಡ್ಡದ ಮೇಲಿನ ಆ ಗುಡಿಯಲ್ಲಿ, ನಮ್ಮ ಪಕ್ಕದ ಮನೆಯ ಹೋಶಿ ಸಾನ್ ಅವರ ವಂಶದ ಸಮಾಧಿಯ ಹಿಂದೆ, ತುಮಕೂರು ಸೀಮೆಯ ನಮ್ಮ ಮೂಲಪುರುಷ ಕೆಂಚಪ್ಪನ ಹೆಸರು ಹೊತ್ತ ಮೂರು ಪಟ್ಟಿಗಳು ಈಗಾಗಲೇ ನಿಂತಿವೆ. ವರ್ಷಕ್ಕೊಂದರಂತೆ ಮೂರು. ಮೊದಲನೆಯದು ಮಳೆಗೆ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದೆ. ಇದು ನಾಲ್ಕನೆಯ ವರ್ಷದ ಕಾರ್ಡು, ಇದಕ್ಕೆಲ್ಲ ಕಾರಣ ನನ್ನ ಬಾಯಿ.

ನನ್ನ ಬಾಯಿಗಿಂತ ಮೊದಲು ನನ್ನ ಕಾಲಿನ ವಿಷಯ ಹೇಳಬೇಕು. ನನಗೆ ಕೂರಲು ಬರುವುದಿಲ್ಲ. ರೈಲಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಟೋಕಿಯೋ ತಲುಪುತ್ತೇನೆ. ಆಫೀಸಿನ ಮೀಟಿಂಗುಗಳನ್ನು ಮನೆಯಿಂದ ಮಾಡುವ ದಿನ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆದು ನಡೆದು ಕಾರ್ಪೆಟ್ಟಿನಲ್ಲಿ ಕಾಲುದಾರಿ ಬಿದ್ದಿದೆ. ಊಟವೂ ಮುಕ್ಕಾಲು ಪಾಲು ನಿಂತೇ. ನನ್ನ ಹೆಂಡತಿ ಸುಮಾ ಮದುವೆಯಾದ ಹೊಸದರಲ್ಲಿ ಇದನ್ನು ಉತ್ಸಾಹ ಎಂದುಕೊಂಡಿದ್ದಳಂತೆ. ಈಗ ಅವಳು ಯಾರಿಗಾದರೂ ನನ್ನ ಪರಿಚಯ ಮಾಡಿಕೊಡುವಾಗ, ಇವರು ಕೂರಲ್ಲ, ನೀವು ಕೂತ್ಕೊಳ್ಳಿ ಎನ್ನುತ್ತಾಳೆ. ನನ್ನ ಅಪ್ಪನೂ ಹಾಗೆಯೇ ಇದ್ದ. ಅವನ ಅಪ್ಪನೂ ಹಾಗೆಯೇ ಅಂತೆ.

ಹೋಶಿ ಸಾನ್ ನನಗೆ ತದ್ವಿರುದ್ಧ. ಎಪ್ಪತ್ತೆಂಟು ವಯಸ್ಸು, ಒಂಟಿ ಜೀವ, ಮಂಡಿಯೂರಿ ಕೂತರೆ ಎರಡು ಗಂಟೆ ಅಲುಗಾಡದ ಮನುಷ್ಯ. ಮೂವತ್ತೆಂಟು ವರ್ಷ ಕಟ್ಟಡಗಳ ಬಾಗಿಲು ರಿಪೇರಿ ಮಾಡಿದವರು. ಇಲ್ಲಿನ ಅಪಾರ್ಟ್‌ಮೆಂಟುಗಳ ಕಬ್ಬಿಣದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ; ಮೇಲೆ ಒಂದು ತೋಳಿನಂಥ ಸಾಧನ ಇರುತ್ತದೆ, ಅದರೊಳಗೆ ಎಣ್ಣೆ, ಸ್ಪ್ರಿಂಗು. ಬಾಗಿಲು ಧಡಾರನೆ ಬಡಿಯದೆ, ಅರ್ಧದಲ್ಲಿ ನಿಲ್ಲದೆ, ಮೆಲ್ಲಗೆ ಹೋಗಿ ಕೂರುವಂತೆ ಅದರ ತಿರುಪು ಹದ ಮಾಡುವುದು ಅವರ ಕಸುಬು. ಯಾರ ಮನೆಗೆ ಹೋದರೂ ಅವರು ಮೊದಲು ಬಾಗಿಲು ಮುಚ್ಚುವ ಸದ್ದು ಕೇಳಿಸಿಕೊಂಡು, ಆಮೇಲೆ ಮನೆಯವರ ಕ್ಷೇಮ ವಿಚಾರಿಸುತ್ತಾರೆ.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನನ್ನನ್ನೂ ನನ್ನ ಮಗಳು ಇಂಚರಳನ್ನೂ ಚಹಾಕ್ಕೆ ಕರೆದಿದ್ದರು. ಇಂಚರಳಿಗೆ ಆಗ ಹನ್ನೊಂದು. ಅವಳು ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಬರುತ್ತದೆ. ನನ್ನ ಜಪಾನಿ ಆಫೀಸಿನ ಜಪಾನಿ. ಡೆಡ್‌ಲೈನು ಮುಂದೂಡಲು ಸಾಕು, ಮನುಷ್ಯರೊಡನೆ ಮಾತಾಡಲು ಸಾಲದು. ಆದ್ದರಿಂದ ನಮ್ಮಿಬ್ಬರ ಮಾತೆಲ್ಲ ಅವಳ ಬಾಯಿಂದಲೇ ಹಾದು ಹೋಗಬೇಕು.

ಹೋಶಿ ಸಾನ್ ಅವತ್ತು ತಮ್ಮ ಮನೆಯ ಯುದ್ಧದ ಕತೆ ಹೇಳಿದರು. ನೂರೈವತ್ತು ವರ್ಷಕ್ಕೂ ಹಿಂದೆ ಈ ದೇಶ ಎರಡು ಹೋಳಾಗಿ ತನ್ನನ್ನು ತಾನೇ ಕಡಿದುಕೊಂಡಿತು. ಅಲ್ಲಿಯವರೆಗೆ ಆಳುತ್ತಿದ್ದ ಸೇನಾಧಿಪತಿ ಶೋಗನ್ನನ ಪಕ್ಷ ಒಂದು ಕಡೆ, ಚಕ್ರವರ್ತಿಯ ಹೆಸರು ಹೇಳಿಕೊಂಡು ಬಂದ ಹೊಸಬರು ಇನ್ನೊಂದು ಕಡೆ. ಹೋಶಿ ಸಾನ್ ಅವರ ಊರು ಉತ್ತರದ ಐಝು, ಸೋತ ಪಕ್ಷ. ಅವರ ಮುತ್ತಜ್ಜನ ಅಪ್ಪ ದೊಡ್ಡ ಸಮುರಾಯಿಯೇನಲ್ಲ, ಕೋವಿಮದ್ದಿನ ಚೀಲ ಹೊರುವವನು. ಗುಡ್ಡದ ಕಣಿವೆಯೊಂದರಲ್ಲಿ ಸತ್ತ. ಸತ್ತದ್ದು ದೊಡ್ಡದಲ್ಲ, ಆ ಕಣಿವೆಯ ಒಳದಾರಿಯನ್ನು ಶತ್ರುಗಳಿಗೆ ತೋರಿಸಿಕೊಟ್ಟವನು ಪಕ್ಕದ ಬೀದಿಯವನೇ ಅಂತೆ. ಆ ಮನೆತನದವರು ಆಮೇಲೆ ಊರಿನಲ್ಲಿ ತೋಫು, ಅಂದರೆ ಸೋಯಾ ಹಾಲಿನ ಪನೀರು, ಮಾರುವ ಅಂಗಡಿ ಇಟ್ಟರು. ಹೋಶಿ ಸಾನ್ ಅವರ ತಾಯಿ ಸಾಯುವವರೆಗೂ ಆ ಅಂಗಡಿಯಿಂದ ಒಂದು ತುಂಡು ತೋಫು ಕೊಂಡವರಲ್ಲ. ಮಳೆಯಾಗಲಿ ಹಿಮವಾಗಲಿ ಮೈಲಿ ದೂರದ ಇನ್ನೊಂದು ಅಂಗಡಿಗೆ ನಡೆಯುತ್ತಿದ್ದರು.

ಶತ್ರು ಎಂದರೆ ಶತ್ರು, ಅವನ ಕೆಲಸ ಅವನು ಮಾಡಿದ, ಆದರೆ ದಾರಿ ತೋರಿಸಿದವನು ಇದ್ದಾನಲ್ಲ ಎಂದು ಹೇಳಿ ಹೋಶಿ ಸಾನ್ ಮಾತು ಅಲ್ಲಿಗೇ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಉಂಟೇ ಎಂದು ಮರ್ಯಾದೆಗೆ ಕೇಳಿದರು.

ಇಲ್ಲ ಎಂದಿದ್ದರೆ ಮುಗಿದಿತ್ತು. ಆದರೆ ಒಬ್ಬರು ಅಷ್ಟು ದೊಡ್ಡ ಕತೆ ಹೇಳಿ ಮುಗಿಸಿದಾಗ ನಾನು ಬರಿ ಚಹಾ ಕುಡಿದು ಬರುವವನೇ? ನಮ್ಮಲ್ಲೂ ಇದೆ ಎಂದೆ. ಎದ್ದು ನಿಂತೇ ಹೇಳಿದೆ.

ನಮ್ಮ ಯುದ್ಧ ಯಾವ ಪುಸ್ತಕದಲ್ಲೂ ಇಲ್ಲ. ಒಂದು ಪುಟ್ಟ ಪಾಳೆಯಪಟ್ಟು, ಒಂದು ಗುಡ್ಡ, ಗುಡ್ಡದ ಮೇಲೊಂದು ಕೋಟೆ. ಪಾಳೆಯಗಾರ ಸತ್ತ ಮೇಲೆ ಅವನ ಇಬ್ಬರು ಮಕ್ಕಳು ಗದ್ದುಗೆಗಾಗಿ ಹೊಡೆದಾಡಿದರು. ಹಿರಿಯವನು ಕೋಟೆಯೊಳಗೆ, ಕಿರಿಯವನು ಹೊರಗೆ. ಹತ್ತು ಹನ್ನೆರಡು ಹಳ್ಳಿಗಳು ಮಧ್ಯಕ್ಕೆ ಸೀಳಿದವು. ಈಗ ಆ ಗುಡ್ಡವನ್ನು ನಲವತ್ತು ನಿಮಿಷದಲ್ಲಿ ಹತ್ತಿ ಇಳಿಯಬಹುದು. ಆದರೂ ಅದು ಯುದ್ಧವೇ, ಸತ್ತವರು ಪೂರ್ತಿಯಾಗಿಯೇ ಸತ್ತರು. ನಮ್ಮ ಕೆಂಚಪ್ಪ ಕೋಟೆಯ ದಿಡ್ಡಿ ಬಾಗಿಲು ಕಾಯುತ್ತಿದ್ದ, ಅಂದರೆ ಒಬ್ಬನೇ ನುಸುಳುವಷ್ಟು ಸಣ್ಣ ಹಿಂಬಾಗಿಲು. ಮೂರು ದಿನ ಒಬ್ಬನೇ ಕಾದ. ನಿದ್ದೆ ಬಂದು ಬಿದ್ದೇನೆಂದು ಎತ್ತಿನ ಹಗ್ಗದಿಂದ ತನ್ನ ಸೊಂಟವನ್ನು ಬಾಗಿಲ ಪಕ್ಕದ ಕಲ್ಲುಕಂಬಕ್ಕೆ ಬಿಗಿದುಕೊಂಡು ನಿಂತ. ಸತ್ತ ಮೇಲೂ ನಿಂತೇ ಇದ್ದ.

ಇಂಚರ ಕಣ್ಣರಳಿಸಿಕೊಂಡು ಒಂದೊಂದೇ ವಾಕ್ಯ ಜಪಾನಿಗೆ ಹಾಕಿದಳು. ಅವಳೂ ಅವತ್ತೇ ಮೊದಲು ಕೇಳಿದ್ದು. ಹೋಶಿ ಸಾನ್ ಕನ್ನಡಕ ತೆಗೆದು ಒರೆಸಿಕೊಂಡರು. ಹೆಸರೇನು ಎಂದು ಕೇಳಿ ಒಂದು ಕಾಗದದಲ್ಲಿ ಕೆಂಚಪ್ಪ ಎಂದು ಬರೆದುಕೊಂಡರು. ಮುಂದಿನ ಸೆಪ್ಟೆಂಬರಿನಲ್ಲಿ ಗುಡಿಗೆ ನಮ್ಮನ್ನು ಕರೆದುಕೊಂಡು ಹೋದಾಗ ತಮ್ಮವರ ಪಟ್ಟಿಯ ಪಕ್ಕ ಕೆಂಚಪ್ಪನ ಪಟ್ಟಿ ಸಿದ್ಧವಾಗಿ ನಿಂತಿತ್ತು, ಹೊಸ ಮರದ ವಾಸನೆ ಇನ್ನೂ ಆರಿರಲಿಲ್ಲ. ಬಾಗಿಲು ಕಾದವನಲ್ಲವೇ, ನಮ್ಮ ಕಸುಬಿನವನು, ಇಲ್ಲಿ ಇರಲಿ ಎಂದರು. ನಾನು ಕೈಮುಗಿದೆ. ಮುಗಿಯದೆ ಏನು ಮಾಡಲಿ ಹೇಳಿ.

ಏಕೆಂದರೆ ಹಗ್ಗ ಕಟ್ಟಿಕೊಂಡು ನಿಂತವನು ಕೆಂಚಪ್ಪ ಅಲ್ಲ. ಅದು ನನಗೆ ಹತ್ತು ವರ್ಷದವನಾಗಿದ್ದಾಗಿನಿಂದ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಊರಿನಲ್ಲಿ ನಮ್ಮ ಮನೆಗೆ ಎರಡು ವಿಚಿತ್ರಗಳಿದ್ದವು. ಒಂದು, ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದ ದಿನ ಎಲ್ಲರಂತೆ ನಾವೂ ಒಳಗೆ ಹಿರಿಯರಿಗೆ ಎಡೆ ಇಡುತ್ತಿದ್ದೆವು, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಅವರವರಿಗೆ ಇಷ್ಟವಾದದ್ದು. ಅದಲ್ಲದೆ ಅಜ್ಜಿ ಇನ್ನೊಂದು ಎಲೆಯನ್ನು ಹೊಸಿಲಿನ ಆಚೆ ಇಡುತ್ತಿದ್ದಳು. ಅದಕ್ಕೆ ಮುದ್ದೆ, ಉಪ್ಪುಸಾರು, ಇಷ್ಟೇ. ಆ ಎಲೆ ಇರುವಷ್ಟು ಹೊತ್ತು ತಲೆಬಾಗಿಲು ಮುಚ್ಚುವಂತಿಲ್ಲ. ಒಳಗಿನ ಎಲೆಗಳಿಗೆ ಹೆಸರು ಹಿಡಿದು, ಬಾ ಉಣ್ಣು ಎಂದು ಕರೆಯುತ್ತಿದ್ದರು. ಆಚೆಯ ಎಲೆಗೆ ಯಾರೂ ಏನೂ ಕರೆಯುತ್ತಿರಲಿಲ್ಲ.

ಎರಡನೆಯದು, ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅಣ್ಣಾ ಎಂದು ಕೂಗುವಂತಿಲ್ಲ. ಚಿಕ್ಕಪ್ಪ ನನ್ನ ಅಪ್ಪನನ್ನು ರಾಮು ಎಂದೇ ಕರೆಯುತ್ತಿದ್ದ. ನೆಂಟರು ಮೂಗು ಮುರಿಯುತ್ತಿದ್ದರು. ದಾರಿಯಲ್ಲಿ ಹೋಗುವವರನ್ನೂ ಹಾಗೆ ಕರೆಯಲು ನಮಗೆ ನಾಲಿಗೆ ಹೊರಳದು. ಬೆಂಗಳೂರಿನಲ್ಲಿ ಆಟೋದವನನ್ನು ಅಣ್ಣಾ ಎನ್ನಲು ಬಾರದ ಮನುಷ್ಯನ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಬಾಸ್, ಗುರೂ, ಸಾರ್ ಎಂದೆಲ್ಲ ಕರೆದು ಎಂಟು ವರ್ಷ ಕಳೆದೆ. ಜಪಾನಿಗೆ ಬಂದು ಎಲ್ಲರಿಗೂ ಸಾನ್ ಹಚ್ಚಿದರೆ ಸಾಕು ಎಂದು ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಹತ್ತು ವರ್ಷದವನಾಗಿದ್ದಾಗ ಒಂದು ಹಿರಿಯರ ಹಬ್ಬದ ಮಧ್ಯಾಹ್ನ ನಾನು ಕೆಂಚಪ್ಪನಾದೆ. ಕೊಟ್ಟಿಗೆಯಿಂದ ಎತ್ತಿನ ಹಗ್ಗ ತಂದು, ಜಗುಲಿಯ ಕಂಬಕ್ಕೆ ಸೊಂಟ ಬಿಗಿದುಕೊಂಡು, ಕೈಯಲ್ಲಿ ಕೋಲು ಹಿಡಿದು ನಿಂತೆ. ಎದುರಿಗೇ ಹೊಸಿಲಾಚೆಯ ಎಲೆ. ಒಳಗಿನಿಂದ ಬಂದ ಅಜ್ಜಿ ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೈಯಲಿಲ್ಲ. ಹಗ್ಗ ಬಿಚ್ಚಲು ಬಂದಳು, ಗಂಟು ಬಿಚ್ಚಲಾಗಲಿಲ್ಲ, ಅಲ್ಲೇ ನನ್ನ ಕಾಲಬುಡದಲ್ಲಿ ಕೂತುಬಿಟ್ಟಳು.

"ಕಟ್ಕಂಡು ನಿಂತಿದ್ದೋನು ಕೆಂಚಪ್ಪ ಅಲ್ಲ ಕಣ್ಲಾ. ಅವನ ಅಣ್ಣ. ನಮ್ಮೋನು ಆಚೆಗಿದ್ದ."

ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬ ಕೋಟೆಯೊಳಗಿನ ಪಕ್ಷ, ಇನ್ನೊಬ್ಬ ಹೊರಗಿನ ಪಕ್ಷ. ಅಣ್ಣ ಮೂರು ದಿನ ದಿಡ್ಡಿ ಬಾಗಿಲಲ್ಲಿ ಹಗ್ಗ ಬಿಗಿದುಕೊಂಡು ನಿಂತ. ಮೂರನೆಯ ದಿನ ನಡುಮಧ್ಯಾಹ್ನ, ಉಳಿದವರೆಲ್ಲ ಉಣ್ಣಲು ಹೋಗಿದ್ದ ಹೊತ್ತಿನಲ್ಲಿ, ಬಾಗಿಲ ಆಚೆಯಿಂದ ಕೆಂಚಪ್ಪ ಕೂಗಿದ. ಅವನು ಕೂಗಿದ್ದನ್ನು ಅಜ್ಜಿ ಪಿಸುಮಾತಿನಲ್ಲಿ ಹೇಳಿದಳು. ಅವಳ ಬಾಯಲ್ಲಿ ಆ ಕರೆ ನಾನು ಕೇಳಿದ್ದು ಅದೊಂದೇ ಸಲ.

"ಅಣ್ಣಾ, ನಾನು. ಹಸಿವು ತಡೆಯಕ್ಕಾಗ್ತಿಲ್ಲ, ತೆಗಿ."

ಅಗುಳಿ ಅಣ್ಣನ ಕೈಗೆಟುಕುವಂತಿತ್ತು, ತೆಗೆದ. ಅವನ ಸೊಂಟದ ಬಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತಂತೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆಗೆದ. ಕೆಂಚಪ್ಪನ ಹಿಂದೆ ಐವತ್ತು ಜನ ಇದ್ದರು. ಹಗ್ಗ ಕಟ್ಟಿಕೊಂಡಿದ್ದರಿಂದ ಅವನಿಗೆ ಬೀಳಲೂ ಆಗಲಿಲ್ಲ.

ಗೆದ್ದ ಮೇಲೆ ಕೆಂಚಪ್ಪನಿಗೆ ಹೊಲ ಸಿಕ್ಕಿತು. ನಮ್ಮ ಹೊಲ ಅದೇ. ಅಣ್ಣನ ಹೆಸರನ್ನು ಯಾರೂ ಎತ್ತಕೂಡದೆಂದು ಅವನು ಕಟ್ಟುಮಾಡಿದ, ಒಂದೆರಡು ತಲೆಮಾರಿನಲ್ಲಿ ಹೆಸರು ಹೋಯಿತು, ಹಗ್ಗದ ಕತೆ ಮಾತ್ರ ಉಳಿದು ಕೆಂಚಪ್ಪನ ಮೈಮೇಲೆ ಬಂತು. ಹೊಸಿಲಾಚೆಯ ಎಡೆ ಶುರು ಮಾಡಿದವಳು ಕೆಂಚಪ್ಪನ ಹೆಂಡತಿ. ಅತ್ತೆಯಿಂದ ಸೊಸೆಗೆ ಅಂತ ಅಡುಗೆಮನೆಯಲ್ಲೇ ನಿಜ ಸಾಗಿ ಬಂತು, ಗಂಡಸರು ಜಗುಲಿಯಲ್ಲಿ ಕೂತು ಶೌರ್ಯದ ಕತೆ ಹೇಳಿಕೊಂಡರು. ಕೂತು ಎಂದೆನೇ? ನಿಂತು ಎನ್ನಬೇಕಿತ್ತು.

ಇದಿಷ್ಟೂ ಗೊತ್ತಿದ್ದವನು ಹೋಶಿ ಸಾನ್ ಮುಂದೆ ಬಡಾಯಿ ಕೊಚ್ಚಿದೆ. ಬೇರೊಬ್ಬರಾಗಿದ್ದರೆ ಕೇಳಿ ಮರೆಯುತ್ತಿದ್ದರು. ಇವರು ಮರದ ಮೇಲೆ ಬರೆಸಿ ನಿಲ್ಲಿಸಿದರು. ಎರಡನೆಯ ವರ್ಷ ಹೇಳಿಬಿಡೋಣ ಅಂದುಕೊಂಡೆ, ಅವತ್ತು ಮಳೆ. ಮೂರನೆಯ ವರ್ಷ ಅವರಿಗೆ ಜ್ವರ. ನೆಪಗಳಿಗೇನು ಬರವೇ.

ಈ ಆಗಸ್ಟಿನಲ್ಲಿ ಇಂಚರಳ ಸ್ಕೂಲಿನಲ್ಲಿ ಭಾಷಣ ಸ್ಪರ್ಧೆ ನಿಗದಿಯಾಯಿತು. ನಮ್ಮ ಮನೆಯ ಕತೆ ಎಂಬ ವಿಷಯ. ಅವಳು ನಮಗೆ ಹೇಳದೆ ಕೆಂಚಪ್ಪನನ್ನು ಆರಿಸಿಕೊಂಡಿದ್ದಳು. ಜಪಾನಿ ತಿದ್ದಿಕೊಟ್ಟವರು ಹೋಶಿ ಸಾನ್. ತಿಂಗಳ ಕೊನೆಯ ಭಾನುವಾರ ಅವರ ಮನೆಯಲ್ಲಿ ಅಭ್ಯಾಸಕ್ಕೆಂದು ಓದಿ ತೋರಿಸಲು ನಿಂತಳು. ಹದಿನೈದು ವರ್ಷದ ಹುಡುಗಿ, ಕೈಯಲ್ಲಿ ಕಾಗದ. ಹೋಶಿ ಸಾನ್ ಮಂಡಿಯೂರಿ ಕೂತಿದ್ದರು, ನಾನು ಕಿಟಕಿಯ ಬಳಿ ನಿಂತಿದ್ದೆ. ನನಗೆ ಅರ್ಥವಾಗುವಷ್ಟು ಸರಳವಾಗಿಯೇ ಬರೆದಿದ್ದಳು. ನಾನು ಹುಟ್ಟಿದ್ದು ಇಲ್ಲಿ, ಸ್ಕೂಲಿನಲ್ಲಿ ನೀನು ಎಲ್ಲಿಯವಳು ಎಂದು ಎಲ್ಲರೂ ಕೇಳುತ್ತಾರೆ, ನನಗೆ ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತು, ನಾನು ಬಾಗಿಲು ಬಿಟ್ಟು ಓಡದವನ ಮನೆಯವಳು. ಹೀಗಿತ್ತು.

ನಿಮ್ಮ ಮಗಳು ಇದನ್ನು ಓದಿದ್ದರೆ ನೀವೇನು ಮಾಡುತ್ತಿದ್ದಿರೋ ತಿಳಿಯದು. ನನಗೆ ಆ ಕೋಣೆಯಲ್ಲಿ ನಿಲ್ಲಲೂ ಆಗಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಎರಡು ಸಲ ಹೋಗಿ ಬಂದು, ನಿಲ್ಲಿಸು ಎಂದೆ. ನಾನು ಹೇಳುವುದನ್ನು ಹಾಗೆಯೇ ಅವರಿಗೆ ಹೇಳು ಎಂದೆ. ಬೇರೆ ದಾರಿ ಇರಲಿಲ್ಲ. ಡೆಡ್‌ಲೈನಿನ ಜಪಾನಿಯಲ್ಲಿ ಇದು ಬಾರದು.

ಅವಳು ವಾಕ್ಯಕ್ಕೆ ವಾಕ್ಯ ಹೇಳುತ್ತ ಬಂದಳು. ಇಬ್ಬರು ಬ್ರದರ್ಸ್ ಇದ್ದರು. ಒಬ್ಬ ಒಳಗೆ, ಒಬ್ಬ ಆಚೆ. ಹಗ್ಗ ಕಟ್ಟಿಕೊಂಡವನು ದೊಡ್ಡವನು. ಚಿಕ್ಕವನು ಹಸಿವು ಎಂದು ಕರೆದು ಬಾಗಿಲು ತೆಗೆಸಿದ. ಅಲ್ಲಿ ಅವಳು ನಿಂತಳು. ಕಾಗದ ಮಡಿಸಿಕೊಂಡಳು.

"ಅಪ್ಪ, ವಿಚ್ ಒನ್ ಈಸ್ ಅಸ್?"

"ಆಚೆ ಇದ್ದೋನು ಕಣಮ್ಮ."

ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೋಶಿ ಸಾನ್ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಅದನ್ನೂ ಹೇಳಿದಳು. ಆ ಒಂದು ವಾಕ್ಯ ಅವಳ ಕೈಲಿ ಹೇಳಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಹೋಶಿ ಸಾನ್, ಸೋ ದೆಸ್ ಕಾ, ಎಂದರು. ಹೌದೇ, ಎಂದಷ್ಟೇ ಅರ್ಥ. ಎದ್ದರು. ನಮ್ಮನ್ನು ಬಾಗಿಲವರೆಗೆ ಬಿಟ್ಟು ತಲೆಬಾಗಿದರು. ಬಾಗಿಲು ತಾನಾಗಿಯೇ, ಅವರೇ ಹದ ಮಾಡಿದ ನಿಧಾನದಲ್ಲಿ, ಮುಚ್ಚಿಕೊಂಡಿತು.

ಆಮೇಲಿನ ದಿನಗಳಲ್ಲಿ ಹೋಶಿ ಸಾನ್ ಲಿಫ್ಟಿನಲ್ಲಿ ಸಿಕ್ಕರೆ ಹವೆಯ ಬಗ್ಗೆ ಒಂದು ಮಾತು ಆಡಿ ಇಳಿಯುತ್ತಿದ್ದರು. ಮೊದಲೆಲ್ಲ ಹವೆಯ ಮಾತೇ ಇರಲಿಲ್ಲ ನಮ್ಮಲ್ಲಿ. ಅವರ ತಾಯಿ ಮೈಲಿ ನಡೆದು ತೋಫು ತಂದ ಹೆಂಗಸು ಎಂಬುದು ನನಗೆ ಪದೇ ಪದೇ ನೆನಪಾಗುತ್ತಿತ್ತು. ಇಂಚರ ಸ್ಪರ್ಧೆಯಿಂದ ಹೆಸರು ತೆಗೆಸಿಕೊಂಡಳು, ನನ್ನೊಡನೆ ಜಪಾನಿ ಬಿಟ್ಟು ಬೇರೇನೂ ಆಡಲಿಲ್ಲ, ಅದೂ ನನಗೆ ತಿಳಿಯದಷ್ಟು ವೇಗವಾಗಿ. ಸುಮಾ ಮಾತ್ರ ಕನ್ನಡದಲ್ಲೇ ಇದ್ದಳು.

"ಇನ್ನೂರು ವರ್ಷ ನಿಮ್ಮನೆ ಹೆಂಗಸರು ಅಡುಗೆಮನೇಲಿ ಬಚ್ಚಿಟ್ಕೊಂಡ್ ಬಂದಿದ್ದನ್ನ ನನಗೊಂದ್ ಮಾತು ಹೇಳೋಕಾಗ್ಲಿಲ್ವಾ ನಿಮಗೆ? ನಾನೂ ಈ ಮನೆ ಸೊಸೆ ತಾನೆ?"

ಅಷ್ಟರಲ್ಲಿ ಗುಡಿಯಿಂದ ಈ ಕಾರ್ಡು ಬಂತು. ಹೋಶಿ ಸಾನ್ ಮೂರು ವರ್ಷದ ಹಿಂದೆ ನನ್ನ ವಿಳಾಸ ಅಲ್ಲಿ ಬರೆಸಿದ್ದರಿಂದ ಅದು ತನ್ನಷ್ಟಕ್ಕೆ ಬರುತ್ತದೆ. ಕೆಂಚಪ್ಪ ಎಂದು ಇನ್ನೊಮ್ಮೆ ಬರೆಯಲು ನನ್ನ ಕೈ ಬಾರದು. ದೊಡ್ಡವನ ಹೆಸರು ಬರೆಯೋಣವೆಂದರೆ ಗೊತ್ತಿಲ್ಲ. ಮೈಸೂರಿನಲ್ಲಿರುವ ನನ್ನ ಸೋದರತ್ತೆ ಗೌರತ್ತೆಗೆ ಫೋನು ಮಾಡಿದೆ. ನಮ್ಮ ಮನೆಯ ಹಳೆಯದನ್ನು ಬಲ್ಲವಳು ಇನ್ನು ಅವಳೊಬ್ಬಳೇ.

"ಹೆಸರು ಗೊತ್ತಿದ್ದಿದ್ರೆ ಎಲೆ ಒಳಗೇ ಇಡ್ತಿದ್ವಲ್ಲೋ. ಅದಿರ್ಲಿ, ನೀನು ಅಲ್ಲಿ ಆಚೆ ಎಡೆ ಇಡ್ತಿದೀಯಾ?"

ಹ್ಞೂ ಎಂದೆ. ಬಾಗಿಲು ತೆಗೆದಿರುತ್ತಾ ಎಂದು ಕೇಳಿದಳು. ಅದಕ್ಕೂ ಹ್ಞೂ ಎಂದೆ. ಎರಡೂ ಸುಳ್ಳು. ಹದಿನಾರು ವರ್ಷದಲ್ಲಿ ಒಮ್ಮೆಯೂ ಇಟ್ಟಿಲ್ಲ. ಇಲ್ಲಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಕಾರಿಡಾರಿನಲ್ಲಿ ಏನೂ ಇಡಬಾರದೆಂದು ಕಟ್ಟಡದ ನಿಯಮವಿದೆ, ಹೀಗೆ ನನಗೆ ನಾನೇ ಹೇಳಿಕೊಂಡು ತಣ್ಣಗಿದ್ದೆ. ಫೋನಿಟ್ಟ ಮೇಲೆ ಸ್ಟೇಷನ್ನಿನವರೆಗೆ ನಡೆದು ಬಂದೆ, ಬೀದಿಯ ಕೊಂಬಿನಿ ಅಂಗಡಿಗೆ ಹೋಗಿ ಬೇಡದ ಬ್ಯಾಟರಿ ಕೊಂಡೆ, ಮತ್ತೆ ನಡೆದೆ. ಈಗ ಇದನ್ನು ಬರೆಯುತ್ತಿರುವುದೂ ಅಡುಗೆಕಟ್ಟೆಯ ಮೇಲೆ ಹಾಳೆಯಿಟ್ಟುಕೊಂಡು, ನಿಂತು.

ಇಷ್ಟು ಬರೆದು ಎದ್ದು ಹೋದವನು (ಎದ್ದು ಎಂಬುದು ಅಭ್ಯಾಸದ ಮಾತು, ನಿಂತೇ ಇದ್ದೆ) ಈಗ ಐದು ದಿನದ ಮೇಲೆ ಮತ್ತೆ ಹಿಡಿದಿದ್ದೇನೆ. ನಡುವೆ ಒಂದೆರಡು ಸಂಗತಿ ನಡೆದವು.

ಕಳೆದ ಮಂಗಳವಾರ, ಸ್ಕೂಲಿಗೆ ರಜೆಯಿದ್ದ ದಿನ, ಬೆಳಗ್ಗೆ ಹತ್ತಕ್ಕೆ ಬಾಗಿಲ ಗಂಟೆ ಸದ್ದು ಮಾಡಿತು. ಹೋಶಿ ಸಾನ್. ಕೈಯಲ್ಲಿ ಒಂದು ಪೊಟ್ಟಣ, ಬಿಸಿಯಾಗಿತ್ತು, ಕಾಗದಕ್ಕೆ ಎಣ್ಣೆ ಜಿನುಗಿತ್ತು. ಒಳಗೆ ಬನ್ನಿ ಎಂದರೂ ಬಾರದೆ, ಪಾದರಕ್ಷೆ ಬಿಡುವ ಜಾಗದಲ್ಲೇ ನಿಂತು, ಇಂಚರಳನ್ನು ಕರೆಯಿರಿ ಎಂದರು. ಅವಳು ಬಂದು ನನಗೂ ಅವರಿಗೂ ನಡುವೆ ನಿಂತಳು. ಹದಿನೈದು ದಿನದಲ್ಲಿ ನನ್ನ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು.

ಹೋಶಿ ಸಾನ್ ತಮ್ಮ ಎಂಟನೆಯ ವಯಸ್ಸಿನ ಕತೆ ಹೇಳಿದರು. ಆ ತೋಫು ಅಂಗಡಿ ಅವರ ಸ್ಕೂಲಿನ ದಾರಿಯಲ್ಲಿತ್ತು. ಹಿಮ ಬೀಳುವ ತಿಂಗಳುಗಳಲ್ಲಿ ಆ ಮನೆಯ ಮುದುಕಿ ಎಣ್ಣೆಯಿಂದ ಆಗತಾನೆ ತೆಗೆದ ತೋಫು ತುಂಡೊಂದನ್ನು ಕಾಗದದಲ್ಲಿ ಸುತ್ತಿ ಈ ಹುಡುಗನ ಕೈಗೆ ಕೊಡುತ್ತಿದ್ದಳು. ಯಾರ ಮನೆಯ ಹುಡುಗ ಎಂದು ಅವಳಿಗೆ ಗೊತ್ತಿತ್ತು, ಯಾರ ಮನೆಯದ್ದು ಎಂದು ಇವನಿಗೂ ಗೊತ್ತಿತ್ತು. ಒಂದು ಚಳಿಗಾಲವಿಡೀ ತಿಂದರು. ಮನೆಗೆ ಹೋಗುವ ಮುಂಚೆ ಹಿಮದಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ತಾಯಿಗೆ ಹೇಳಲಿಲ್ಲ. ಆಮೇಲೆ ಹೆಂಡತಿಗೂ ಹೇಳಲಿಲ್ಲ. ಕೊನೆಯ ವಾಕ್ಯವನ್ನು ಇಂಚರ ಕನ್ನಡದಲ್ಲಿ ಹೇಳಿದಳು, ತಡವರಿಸಿಕೊಂಡು.

"ಅಪ್ಪ, ಅವ್ರು ಹೇಳ್ತಾರೆ... ತುಂಬಾ ರುಚಿ ಇತ್ತಂತೆ. ಎಪ್ಪತ್ತು ವರ್ಷ ಯಾರಿಗೂ ಹೇಳಕ್ ಆಗ್ಲಿಲ್ವಂತೆ."

ಹೋಶಿ ಸಾನ್ ಪೊಟ್ಟಣ ನನ್ನ ಕೈಗೆ ಕೊಟ್ಟರು. ಕರಿದ ತೋಫು. ಆಮೇಲೆ ತೀರ ವ್ಯವಹಾರದ ದನಿಯಲ್ಲಿ, ಗುಡಿಯ ಕಾರ್ಡು ಕಳಿಸಿದಿರಾ ಎಂದು ಕೇಳಿದರು. ಇಲ್ಲ, ದೊಡ್ಡವನ ಹೆಸರು ಯಾರಿಗೂ ಗೊತ್ತಿಲ್ಲ ಎಂದೆ. ಬಾಗಿಲ ಆಚೆಯಿಂದ ಚಿಕ್ಕವನು ಅವನನ್ನು ಏನೆಂದು ಕರೆದ ಎಂದು ಕೇಳಿದರು.

ಅವತ್ತು ಕತೆ ಹೇಳುವಾಗ ನಾನು ಆ ಮಾತನ್ನು ನುಂಗಿಕೊಂಡಿದ್ದೆ. ಈಗ ಮಗಳು ನನ್ನ ಮುಖ ನೋಡುತ್ತಿದ್ದಳು. ಅಣ್ಣಾ ಅಂತ, ಎಂದೆ. ಐವತ್ತೆರಡು ವರ್ಷದ ಬಾಯಿಂದ ಅದು ಗಟ್ಟಿಯಾಗಿ ಬಂದದ್ದು ಮೊದಲ ಸಲ.

ಹಾಗಾದರೆ ಅವನು ಕೊನೆಗೆ ಕೇಳಿಸಿಕೊಂಡ ಹೆಸರು ಅದೇ, ಅದನ್ನೇ ಬರೆಯಿರಿ, ಎಂದರು ಹೋಶಿ ಸಾನ್. ಇಂಚರ ಫ್ರಿಜ್ಜಿನಿಂದ ಕಾರ್ಡು ಕಿತ್ತು ತಂದು, ಚಪ್ಪಲಿ ಗೂಡಿನ ಮೇಲೆ ಇಟ್ಟುಕೊಂಡು, ಜಪಾನಿ ಲಿಪಿಯಲ್ಲಿ ಬರೆದಳು. ಮೂರೇ ಅಕ್ಷರ. ಕೆಂಚಪ್ಪನದು ಏನು ಮಾಡೋಣ ಎಂದು ನಾನು ಕೇಳಿದ್ದಕ್ಕೆ ಹೋಶಿ ಸಾನ್, ಹಳೆಯ ಮೂರು ಇವೆಯಲ್ಲ, ಅವು ತಾವಾಗಿ ಹಾಳಾಗುವವರೆಗೆ ಇರಲಿ, ಅಣ್ಣನ ಪಕ್ಕದಲ್ಲೇ ನಿಂತಿರಲಿ ಎಂದರು. ಕ್ಷಮಿಸಿದರೋ ಶಿಕ್ಷೆ ಕೊಟ್ಟರೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿತ್ತು ಎನಿಸಲಿಲ್ಲ.

ಹೊರಡುವ ಹೊತ್ತಿಗೆ ಸುಮಾ ಅಡುಗೆಮನೆಯಿಂದ ಬಂದು, ಈ ಸಲ ಆಚೆಯ ಎಡೆ ಇಡೋಣ, ಬಾಗಿಲಿನದೊಂದೇ ತೊಂದರೆ, ಅವರನ್ನ ಕೇಳೇ ಎಂದು ಮಗಳಿಗೆ ಹೇಳಿದಳು. ಇಂಚರ ವಿವರಿಸಿದಳು. ಹೋಶಿ ಸಾನ್ ತಲೆಯೆತ್ತಿ ಬಾಗಿಲ ಮೇಲಿನ ತೋಳನ್ನು ನೋಡಿದರು. ಮನೆಗೆ ಹೋಗಿ ಒಂದು ಸ್ಟೂಲು, ಒಂದು ತಿರುಪುಳಿ ತಂದರು. ಮೂವತ್ತೆಂಟು ವರ್ಷ ಬಾಗಿಲುಗಳು ಸರಿಯಾಗಿ ಮುಚ್ಚುವಂತೆ ಮಾಡಿದ ಮನುಷ್ಯ ಸ್ಟೂಲು ಹತ್ತಿ, ನಮ್ಮ ಬಾಗಿಲು ಮುಚ್ಚದಂತೆ ಮಾಡಿಕೊಟ್ಟರು. ಹಬ್ಬ ಮುಗಿದ ಮೇಲೆ ಹೇಳಿ, ಮತ್ತೆ ಮೊದಲಿನಂತೆ ಮಾಡುತ್ತೇನೆ ಎಂದರು.

ಇವತ್ತು ಮಹಾಲಯ ಅಮಾವಾಸ್ಯೆ. ಈ ವರ್ಷ ಅದೂ ಹಿಗಾನ್ ವಾರವೂ ಒಟ್ಟಿಗೆ ಬಂದಿವೆ. ನಿನ್ನೆ ಎಡೋಗಾವಾದ ಇಂಡಿಯನ್ ಅಂಗಡಿಗೆ ಹೋಗಿ ರಾಗಿಹಿಟ್ಟು, ಬಾಳೆಲೆ ತಂದೆ, ಒಂದೂವರೆ ಗಂಟೆ ರೈಲಿನಲ್ಲಿ ಎಲೆಯ ಸುರುಳಿ ಹಿಡಿದು ನಿಂತು. ಮಧ್ಯಾಹ್ನ ಒಳಗೆ ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ, ಹೆಸರು ಗೊತ್ತಿರುವವರಿಗೆಲ್ಲ ಇಟ್ಟೆವು. ಕೆಂಚಪ್ಪನಿಗೂ ಇಟ್ಟೆವು. ಆಮೇಲೆ ಸುಮಾ ಹೊಸಿಲಾಚೆ ಇನ್ನೊಂದು ಎಲೆ ಹಾಕಿದಳು. ಮುದ್ದೆ, ಉಪ್ಪುಸಾರು. ಹೋಶಿ ಸಾನ್ ಬೆಳಗ್ಗೆ ಮತ್ತೆ ತಂದುಕೊಟ್ಟ ತೋಫುವಿನ ಒಂದು ತುಂಡನ್ನು ಇಂಚರ ಯಾರನ್ನೂ ಕೇಳದೆ ಎಲೆಯ ತುದಿಗೆ ಇಟ್ಟಳು. ಕೊರಿಯರಿನವನೊಬ್ಬ ಪೆಟ್ಟಿಗೆ ಹೊತ್ತು ಬಂದವನು ಎಲೆಯನ್ನು ನೋಡಿ, ಸುಮಿಮಾಸೆನ್, ಕ್ಷಮಿಸಿ, ಎಂದು ಎಲೆಗೇ ಹೇಳಿ, ಗೋಡೆಗೆ ಒರಗಿಕೊಂಡು ದಾಟಿ ಹೋದ.

ನಾನು ಹೊಸಿಲಿನ ಒಳಗೆ ನಿಂತಿದ್ದೆ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು, ಕಾರಿಡಾರಿನ ಕೊನೆಯ ಬಿಸಿಲು ಎಲೆಯವರೆಗೂ ಬಂದಿತ್ತು. ನಮ್ಮ ಮನೆಯ ಹೆಂಗಸರು ಇನ್ನೂರು ವರ್ಷ ಏನೂ ಕರೆಯದೆ ಇಟ್ಟ ಎಡೆ ಅದು. ನಾನೂ ಕರೆಯದೆ ಇದ್ದುಬಿಡಬಹುದಿತ್ತು. ಇಂಚರ ನನ್ನ ತೋಳು ಮುಟ್ಟಿದಳು.

"ಕರಿ ಅಪ್ಪ. ಹಿ ಈಸ್ ವೇಟಿಂಗ್."

"ಅಣ್ಣಾ, ನಾನು," ಎಂದೆ. "ನಿಂಗೆ ಹಸಿವಾಗಿರುತ್ತೆ. ಬಾ, ಉಣ್ಣು."

ಆಮೇಲೆ ಹೊಸಿಲ ಮೇಲೆ, ಎಲೆಯ ಪಕ್ಕದಲ್ಲಿ, ಕೂತೆ. ಎಷ್ಟು ಹೊತ್ತೋ ತಿಳಿಯದು. ಒಳಗಿನಿಂದ ಸುಮಾ ಊಟಕ್ಕೆ ಕೂಗಿದಳು. ಅವನದು ಮುಗೀಲಿ ಎಂದೆ, ಕೂತಲ್ಲಿಂದಲೇ.